ಮೇಲ್ಮನೆಯಲ್ಲಿ ಲಕ್ಕಮ್ಮನ ಮಾತು ಕೇಳಿಸಬೇಕು

ಕೃಷಿ ಸಂಶೋಧನೆಯ ಕೆಲಸದ ನಿಮಿತ್ತ ನಮ್ಮ ಮಲೆನಾಡಿನಿಂದ ಬೀದರ್ ಜಿಲ್ಲೆಯ ಹುಮನಾಬಾದ್ ಮತ್ತು ಬಸವಕಲ್ಯಾಣ ತಾಲ್ಲೂಕುಗಳಿಗೆ ಕೆಲವು ಬಾರಿ ಹೋಗಿ ಬಂದಿದ್ದೇನೆ. ರಾಜ್ಯದ ಹತ್ತು ಕೃಷಿ ಹವಾಮಾನ ವಲಯಗಳ ಪಟ್ಟಿಯಲ್ಲಿ ಆ ತಾಲ್ಲೂಕುಗಳು ಮೊದಲನೆಯ ವಲಯಕ್ಕೆ ಸೇರಿವೆ. ನಮ್ಮ ಗುಡ್ಡಗಾಡು ವಲಯ ಒಂಬತ್ತನೆಯದು. ಅಲ್ಲಿ ತೊಗರಿ, ಉದ್ದು, ಹೆಸರು, ಸೋಯಾ. ಇಲ್ಲಿ ಅಡಿಕೆ, ಕಾಫಿ, ಮೆಣಸು, ಭತ್ತ. ಬೆಳೆ ಬೇರೆ, ಮಳೆ ಬೇರೆ, ಆಡುವ ಕನ್ನಡವೂ ಬೇರೆ. ಆದರೆ ಕಾಲ ಕೆಳಗಿನ ಜಂಬಿಟ್ಟಿಗೆ ಕಲ್ಲು ಎರಡೂ ಕಡೆ ಇದೆ. ತಮ್ಮ ನೆಲದ ಮೇಲಿನ ತೀರ್ಮಾನವನ್ನು ದೂರದ ಬೆಂಗಳೂರಿನಲ್ಲಿ ಯಾರೋ ಮಾಡುತ್ತಾರೆ ಎಂಬ ಅಸಮಾಧಾನವೂ ಎರಡೂ ಕಡೆ ಇದೆ.

ಹುಮನಾಬಾದ್ ಸಮೀಪದ ಒಂದು ತೊಗರಿ ಹೊಲದಲ್ಲಿ ಹಿರಿಯ ರೈತರೊಬ್ಬರು ಜೊತೆಗಿದ್ದರು. ಹಿಂದೆ ಗ್ರಾಮ ಪಂಚಾಯಿತಿಯ ಸದಸ್ಯರಾಗಿದ್ದವರು. ಗೊಡ್ಡು ರೋಗದ ವಿಚಾರ ಮುಗಿದ ಮೇಲೆ ಮಾತು ವಿಧಾನ ಪರಿಷತ್ತಿನ ಚುನಾವಣೆಯತ್ತ ಹೊರಳಿತು. ಅವರು ನಕ್ಕು ಕೇಳಿದರು: “ಮ್ಯಾಲಿನ ಮನಿ, ಮ್ಯಾಲಿನ ಮನಿ ಅಂತೀರಲ್ರೀ ಸರ್, ಆ ಮನಿಗಿ ಓಟ್ ಹಾಕಿದವ ನಾನೇ. ಆದ್ರ ಅಲ್ಲಿ ಏನ್ ನಡೀತದ ಅಂತ ಒಬ್ರೂ ಬಂದು ಹೇಳಲಿಲ್ಲ ನೋಡ್ರೀ.” ಆ ಮಾತಿಗೆ ಉತ್ತರ ಕೊಡಲು ಆಗ ನನ್ನಿಂದಾಗಲಿಲ್ಲ. ಈ ಲೇಖನ ಆ ಉತ್ತರದ ಪ್ರಯತ್ನ.

ಮೈಸೂರು ಸಂಸ್ಥಾನದಲ್ಲಿ 1881ರಲ್ಲಿ ಪ್ರಜಾಪ್ರತಿನಿಧಿ ಸಭೆಯೂ 1907ರಲ್ಲಿ ನ್ಯಾಯವಿಧಾಯಕ ಸಭೆಯೂ ಸ್ಥಾಪನೆಯಾದವು. ನಮ್ಮ ಮೇಲ್ಮನೆಯ ಬೇರು ಅಲ್ಲಿದೆ. ಬೀದರ್ ಜಿಲ್ಲೆ ಆಗ ನಿಜಾಮರ ಹೈದರಾಬಾದಿನಲ್ಲಿತ್ತು. ಸ್ವಾತಂತ್ರ್ಯಾನಂತರದ ಹೈದರಾಬಾದ್ ರಾಜ್ಯಕ್ಕೂ ಮೇಲ್ಮನೆ ಇರಲಿಲ್ಲ. 1956ರ ನವೆಂಬರ್ 1ರಂದು ಏಕೀಕರಣವಾದ ಮೇಲೆಯೇ ಹುಮನಾಬಾದ್, ಕಲ್ಯಾಣಗಳ ಜನ ಒಂದು ವಿಧಾನ ಪರಿಷತ್ತಿನ ವ್ಯಾಪ್ತಿಗೆ ಬಂದರು.

ಪರಿಷತ್ತಿನಲ್ಲಿ 75 ಸ್ಥಾನಗಳಿವೆ. 25 ಮಂದಿಯನ್ನು ಶಾಸಕರು ಆರಿಸುತ್ತಾರೆ, 25 ಮಂದಿಯನ್ನು ಸ್ಥಳೀಯ ಸಂಸ್ಥೆಗಳ ಸದಸ್ಯರು ಆರಿಸುತ್ತಾರೆ. ಪದವೀಧರರಿಂದ ಏಳು, ಶಿಕ್ಷಕರಿಂದ ಏಳು. ಉಳಿದ ಹನ್ನೊಂದು ಮಂದಿ ರಾಜ್ಯಪಾಲರ ನಾಮನಿರ್ದೇಶಿತರು. ಸದಸ್ಯರ ಅವಧಿ ಆರು ವರ್ಷ. ಎರಡು ವರ್ಷಕ್ಕೊಮ್ಮೆ ಮೂರನೆಯ ಒಂದು ಭಾಗ ನಿವೃತ್ತವಾಗುವುದರಿಂದ ಈ ಸದನ ಎಂದೂ ಪೂರ್ಣವಾಗಿ ವಿಸರ್ಜನೆಯಾಗುವುದಿಲ್ಲ. ಹಣಕಾಸು ಮಸೂದೆಯನ್ನು ಅದು 14 ದಿನಗಳಿಗಿಂತ ಹೆಚ್ಚು ಇರಿಸಿಕೊಳ್ಳಲಾರದು. ಬೇರೆ ಮಸೂದೆಗಳನ್ನು ಮೊದಲ ಸಲ ಮೂರು ತಿಂಗಳು, ವಿಧಾನಸಭೆ ಮತ್ತೆ ಅಂಗೀಕರಿಸಿ ಕಳುಹಿಸಿದರೆ ಇನ್ನೊಂದು ತಿಂಗಳು ತಡೆಯಬಹುದು. ಕೊನೆಗೆ ಕೆಳಮನೆಯ ಮಾತೇ ನಡೆಯುತ್ತದೆ.

ಅಂದರೆ ಪರಿಷತ್ತಿಗೆ ಇರುವ ನಿಜವಾದ ಅಧಿಕಾರ ತಡೆದು ಯೋಚಿಸುವಂತೆ ಮಾಡುವುದು. ನಾಲ್ಕು ತಿಂಗಳೆಂದರೆ ಬೀದರಿನ ಹೊಲದಲ್ಲಿ ಸೋಯಾ ಬಿತ್ತಿ, ಕೊಯ್ದು, ಮನೆಗೆ ತರುವಷ್ಟು ಕಾಲ. ಒಂದು ಕಾನೂನು ಊರೂರಿಗೆ ತಲುಪಿ, ಗ್ರಾಮಸಭೆಗಳಲ್ಲಿ ಚರ್ಚೆಯಾಗಿ, ಜನರ ಅಭಿಪ್ರಾಯ ಹಿಂದಿರುಗಲು ಅಷ್ಟು ಕಾಲ ಸಾಕು.

ಈ ಅಧಿಕಾರ ನಮಗೆ ಬೇಕಾಗಿದ್ದಾಗ ಏನಾಯಿತು? 1961ರ ಭೂಸುಧಾರಣಾ ಕಾಯ್ದೆಯ 79ಎ ಮತ್ತು 79ಬಿ ಕಲಮುಗಳು ಕೃಷಿಕರಲ್ಲದವರೂ ಬೇರೆ ಮೂಲದಿಂದ ಹೆಚ್ಚು ಆದಾಯವುಳ್ಳವರೂ ಕೃಷಿ ಭೂಮಿ ಕೊಳ್ಳುವುದನ್ನು ನಿರ್ಬಂಧಿಸಿದ್ದವು. 2020ರ ಜುಲೈನಲ್ಲಿ ಸರ್ಕಾರ ಸುಗ್ರೀವಾಜ್ಞೆಯ ಮೂಲಕ ಇವನ್ನು ತೆಗೆದುಹಾಕಿತು. ಸೆಪ್ಟೆಂಬರಿನಲ್ಲಿ ವಿಧಾನಸಭೆ ಮಸೂದೆಗೆ ಒಪ್ಪಿಗೆ ನೀಡಿತು. ಅಂದಿನ ಆಡಳಿತ ಪಕ್ಷಕ್ಕೆ ಪರಿಷತ್ತಿನಲ್ಲಿ ಸ್ವಂತ ಬಹುಮತವಿರಲಿಲ್ಲ. ಡಿಸೆಂಬರಿನಲ್ಲಿ ಜಾತ್ಯತೀತ ಜನತಾದಳದ ಬೆಂಬಲದಿಂದ ಅಲ್ಲಿಯೂ ಅದು ಅಂಗೀಕಾರವಾಯಿತು. ಹಳೆಯ ಕಲಮುಗಳು ಲಂಚಕ್ಕೆ ದಾರಿಯಾಗಿದ್ದವು, ರೈತನಿಗೆ ಒಳ್ಳೆಯ ಬೆಲೆ ತಪ್ಪಿಸುತ್ತಿದ್ದವು ಎಂಬುದು ಸರ್ಕಾರದ ವಾದ. ಅದರಲ್ಲಿ ಹುರುಳಿಲ್ಲವೆಂದು ನಾನು ಹೇಳಲಾರೆ. ಆದರೆ ನಗರದ ಹಣ ಬೆಟ್ಟದ ತಪ್ಪಲಿಗೆ ಬಂದಾಗ ಗದ್ದೆ ಉಳುವವನು ಅದರೊಡನೆ ಹರಾಜಿನಲ್ಲಿ ಸ್ಪರ್ಧಿಸಬಲ್ಲನೇ? ತೋಟದ ತಲೆಯಲ್ಲಿರುವ ಒರತೆ, ಸೊಪ್ಪಿನ ಬೆಟ್ಟ, ಹಳ್ಳದ ನೀರು ಯಾರ ಪಾಲಾಗುತ್ತವೆ? ಮಳೆಯಾಶ್ರಿತ ತೊಗರಿ ಹೊಲ ಸಾಲದ ವರ್ಷದಲ್ಲಿ ಮಾರಾಟವಾದರೆ ಮರಳಿ ರೈತನ ಕೈಗೆ ಬರುವುದೇ? ಈ ಪ್ರಶ್ನೆಗಳನ್ನು ಹಿಡಿದು ಮೇಲ್ಮನೆಯವರು ಊರುಗಳಿಗೆ ಬಂದು ಕೇಳಬಹುದಿತ್ತು. ನಮ್ಮ ಕಡೆಗೆ ಯಾರೂ ಬರಲಿಲ್ಲ. ಅದೇ ಡಿಸೆಂಬರ್ 15ರಂದು, ಪೀಠದಲ್ಲಿದ್ದ ಉಪಸಭಾಪತಿಯವರನ್ನು ಸದಸ್ಯರು ಎಳೆದು ಇಳಿಸಿದ ದೃಶ್ಯವನ್ನು ನಾಡೆಲ್ಲ ನೋಡಿತು.

ಇಲ್ಲಿ ಬಸವಕಲ್ಯಾಣ ನೆನಪಾಗುತ್ತದೆ. 2021ರ ಜನವರಿ 6ರಂದು ಅಲ್ಲಿ ನೂತನ ಅನುಭವ ಮಂಟಪಕ್ಕೆ ಶಂಕುಸ್ಥಾಪನೆಯಾಯಿತು. ಹನ್ನೆರಡನೆಯ ಶತಮಾನದ ಮಂಟಪವನ್ನು ಸಂಸತ್ತಿಗೆ ಹೋಲಿಸುವುದು ಭಾಷಣಗಳಲ್ಲಿ ರೂಢಿ. ಅಲ್ಲಿ ಮತದಾನವಾಗಲಿ ಚುನಾವಣೆಯಾಗಲಿ ಇರಲಿಲ್ಲ. ಆ ಹೋಲಿಕೆಯನ್ನು ಬಹಳ ಎಳೆಯಬಾರದು. ಆದರೆ ಅಲ್ಲಮಪ್ರಭುಗಳ ಅಧ್ಯಕ್ಷತೆಯಲ್ಲಿ ಅಲ್ಲಿ ಸೇರಿದವರೆಂದು ಪರಂಪರೆ ನೆನೆಯುವ ಹೆಸರುಗಳನ್ನು ನೋಡಿ: ಅಂಬಿಗರ ಚೌಡಯ್ಯ, ಮಡಿವಾಳ ಮಾಚಯ್ಯ, ನುಲಿಯ ಚಂದಯ್ಯ. ಮಾತನಾಡುವ ಅರ್ಹತೆ ಅವರ ಕಾಯಕದಿಂದಲೇ ಬಂದಿತ್ತು.

ಆಯ್ದಕ್ಕಿ ಮಾರಯ್ಯ, ಲಕ್ಕಮ್ಮ ದಂಪತಿಗಳ ಕಥೆ ನಮಗೆಲ್ಲ ಗೊತ್ತಿರುವುದೇ. ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನ ಕಾಯಕ. ಒಂದು ದಿನ ಆತ ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ, ಇದು ನಮ್ಮ ಅಗತ್ಯಕ್ಕೆ ಮೀರಿದ್ದು, ಮರಳಿ ಅಲ್ಲಿಯೇ ಸುರಿದು ಬನ್ನಿ ಎಂದು ಲಕ್ಕಮ್ಮ ಹಿಂದಕ್ಕೆ ಕಳುಹಿಸಿದಳು. ಮೇಲ್ಮನೆ ಮಾಡಬೇಕಾದ ಕೆಲಸವನ್ನು ಇದಕ್ಕಿಂತ ಚೆನ್ನಾಗಿ ನಾನು ವಿವರಿಸಲಾರೆ. ಬಹುಮತದ ಬಲದಿಂದ ಕೆಳಮನೆ ಹೊತ್ತು ತಂದದ್ದು ಅಗತ್ಯಕ್ಕೆ ಮೀರಿದ್ದಾದರೆ, ಮನೆಯವಳ ಮಮತೆಯಿಂದಲೇ, ಆದರೆ ಗಟ್ಟಿಯಾಗಿ, ಹಿಂದಕ್ಕೆ ಕಳುಹಿಸಬೇಕು.

ಹಾಗೆ ಹೇಳಬಲ್ಲವರು ಅಲ್ಲಿ ಇರಬೇಕಲ್ಲವೇ? ಹುಮನಾಬಾದಿನ ಉದಾಹರಣೆಯನ್ನೇ ನೋಡೋಣ. 2022ರಲ್ಲಿ ಆ ಊರಿನ ಒಂದೇ ಮನೆತನದ ಮೂವರು ಸಹೋದರರು ಶಾಸಕಾಂಗದಲ್ಲಿದ್ದರು. ರಾಜಶೇಖರ ಪಾಟೀಲರು ವಿಧಾನಸಭೆಯಲ್ಲಿ, ಡಾ. ಚಂದ್ರಶೇಖರ ಪಾಟೀಲರು ಈಶಾನ್ಯ ಪದವೀಧರರ ಕ್ಷೇತ್ರದಿಂದಲೂ ಭೀಮರಾವ್ ಪಾಟೀಲರು ಬೀದರ್ ಸ್ಥಳೀಯ ಸಂಸ್ಥೆಗಳ ಕ್ಷೇತ್ರದಿಂದಲೂ ಪರಿಷತ್ತಿನಲ್ಲಿ. ಮೂವರೂ ಕಾನೂನುಬದ್ಧವಾಗಿ ಗೆದ್ದವರು. ಇದು ಅವರ ಮೇಲಿನ ಆಕ್ಷೇಪಣೆಯಲ್ಲ. ರಾಜಕೀಯ ಮನೆತನಗಳು ಎಲ್ಲ ಪಕ್ಷಗಳಲ್ಲಿಯೂ ಎಲ್ಲ ಜಿಲ್ಲೆಗಳಲ್ಲಿಯೂ ಇವೆ. ಆದರೆ ಬೇರೆ ಬೇರೆ ದನಿಗಳು ಒಳಬರಲೆಂದು ಸಂವಿಧಾನ ಬೇರೆ ಬೇರೆ ಬಾಗಿಲುಗಳನ್ನು ಇರಿಸಿದೆ. ಎಲ್ಲ ಬಾಗಿಲುಗಳಿಂದಲೂ ಒಂದೇ ಮನೆಯ ದನಿ ಬರುವಂತಾದರೆ ಬಾಗಿಲುಗಳ ಉದ್ದೇಶವೇ ಸೋಲುತ್ತದೆ.

ಬಾಗಿಲುಗಳಲ್ಲಿಯೂ ದೋಷವಿದೆ. ನನ್ನ ಬಳಿ ಪದವಿಯಿದೆ, ಆದ್ದರಿಂದ ಪದವೀಧರರ ಕ್ಷೇತ್ರದಲ್ಲಿ ನನಗೆ ಮತವಿದೆ. ಅಡಿಕೆಯ ಕೊಳೆರೋಗ ಯಾವ ಮಳೆಗೆ ಏಳುತ್ತದೆಂದು ನನಗಿಂತ ಮೊದಲೇ ಹೇಳಬಲ್ಲ ನನ್ನ ನೆರೆಯ ರೈತನಿಗೆ ಅಲ್ಲಿ ಮತವಿಲ್ಲ. ನಾಮನಿರ್ದೇಶನಕ್ಕೆ ಸಂವಿಧಾನ ಸಾಹಿತ್ಯ, ವಿಜ್ಞಾನ, ಕಲೆ, ಸಹಕಾರ ಚಳವಳಿ, ಸಮಾಜಸೇವೆ ಎಂದು ಐದು ರಂಗಗಳನ್ನು ಹೆಸರಿಸಿದೆ. ಕೃಷಿಯ ಹೆಸರು ಅಲ್ಲಿಲ್ಲ. ಹೀಗಿರುವಾಗ ರೈತನ ದನಿ ಮೇಲ್ಮನೆಗೆ ತಲುಪಲು ಉಳಿದಿರುವ ದಾರಿ ಮುಖ್ಯವಾಗಿ ಆತನ ಗ್ರಾಮ ಪಂಚಾಯಿತಿ ಸದಸ್ಯರ ಮತ.

ಹಾಗಾದರೆ ಪರಿಷತ್ತೇ ಬೇಡವೆನ್ನೋಣವೇ? ದೇಶದ ಆರು ರಾಜ್ಯಗಳಲ್ಲಿ ಮಾತ್ರ ಮೇಲ್ಮನೆ ಉಳಿದಿದೆ. ತಮಿಳುನಾಡು 1986ರಲ್ಲಿ ಅದನ್ನು ರದ್ದು ಮಾಡಿತು. ಸೋತವರಿಗೆ ಆಶ್ರಯ, ಖಜಾನೆಗೆ ಹೊರೆ ಎಂಬ ಟೀಕೆಯಲ್ಲಿ ಸತ್ಯಾಂಶವಿದೆ. ಆದರೆ ಆಂಧ್ರಪ್ರದೇಶದಲ್ಲಿ ನಡೆದುದನ್ನೂ ಗಮನಿಸಬೇಕು. 2020ರ ಜನವರಿಯಲ್ಲಿ ಅಲ್ಲಿನ ಪರಿಷತ್ತು ಮೂರು ರಾಜಧಾನಿಗಳ ಮಸೂದೆಯನ್ನು ಪರಿಶೀಲನಾ ಸಮಿತಿಗೆ ಒಪ್ಪಿಸಲು ಹೊರಟಿತು. ಕೆಲವೇ ದಿನಗಳಲ್ಲಿ ವಿಧಾನಸಭೆ ಪರಿಷತ್ತನ್ನೇ ರದ್ದುಮಾಡುವ ನಿರ್ಣಯ ಅಂಗೀಕರಿಸಿತು. 2021ರ ನವೆಂಬರಿನಲ್ಲಿ ಅದನ್ನು ಹಿಂತೆಗೆದುಕೊಂಡಿತು. ಮೇಲ್ಮನೆ ಸುಮ್ಮನಿದ್ದಾಗ ಯಾವ ಸರ್ಕಾರಕ್ಕೂ ಅದು ಭಾರವೆನಿಸುವುದಿಲ್ಲ, ತನ್ನ ಕೆಲಸ ಮಾಡಿದಾಗ ಭಾರವೆನಿಸುತ್ತದೆ. ಆ ಕೆಲಸದಲ್ಲಿ ನಮಗೆ ಉಪಯೋಗವಿದೆಯೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೇ? ಸಂಖ್ಯೆಯ ಲೆಕ್ಕದಲ್ಲಿ ಎಂದೂ ಗೆಲ್ಲಲಾರದ ಗುಡ್ಡಗಾಡಿಗೂ ಗಡಿನಾಡಿಗೂ ಎರಡನೆಯ ವಿಚಾರಣೆಯ ಅಗತ್ಯ ಉಳಿದವರಿಗಿಂತ ಹೆಚ್ಚು.

ಆದ್ದರಿಂದ ನಮ್ಮ ಕೈಯಲ್ಲಿರುವ ಕೆಲಸಗಳನ್ನು ನಾವು ಮಾಡೋಣ. 2021ರ ಡಿಸೆಂಬರ್ 10ರಂದು ಸ್ಥಳೀಯ ಸಂಸ್ಥೆಗಳ ಕ್ಷೇತ್ರಗಳಿಗೆ ಚುನಾವಣೆ ನಡೆದಾಗ ತಾಲ್ಲೂಕು ಮತ್ತು ಜಿಲ್ಲಾ ಪಂಚಾಯಿತಿಗಳ ಅವಧಿ ಮುಗಿದು ಹೊಸ ಚುನಾವಣೆ ನಡೆದಿರಲಿಲ್ಲ. ಮತದಾರರಲ್ಲಿ ಬಹುಪಾಲು ಗ್ರಾಮ ಪಂಚಾಯಿತಿ ಸದಸ್ಯರೇ ಆಗಿದ್ದರು. ಹಾಗೆ ಆಯ್ಕೆಯಾದವರ ಅವಧಿ 2028ರ ಆರಂಭದಲ್ಲಿ ಮುಗಿಯುತ್ತದೆ. ಅದಕ್ಕೆ ಮುನ್ನ ಪ್ರತಿಯೊಂದು ಗ್ರಾಮಸಭೆಯಲ್ಲಿಯೂ ಒಂದು ನಿರ್ಣಯವಾಗಲಿ: ನೆಲ, ನೀರು, ಕಾಡುಗಳಿಗೆ ಸಂಬಂಧಿಸಿದ ಯಾವ ಮಸೂದೆ ಬಂದರೂ ಅದನ್ನು ಪರಿಶೀಲನಾ ಸಮಿತಿಗೆ ಒಪ್ಪಿಸಿ ಗ್ರಾಮಸಭೆಗಳ ಅಭಿಪ್ರಾಯ ಕೇಳಬೇಕೆಂದು ಒತ್ತಾಯಿಸುವವರಿಗೇ ನಮ್ಮ ಸದಸ್ಯರ ಮೊದಲ ಪ್ರಾಶಸ್ತ್ಯದ ಮತ. ಆ ಮತಕ್ಕೆ ಬೆಲೆ ಕಟ್ಟಲು ಬರುವವರಿಗೆ, ಇದು ಊರಿನ ಮತ, ಮಾರುವ ಹಕ್ಕು ನನಗಿಲ್ಲ ಎಂದು ಹೇಳುವ ಧೈರ್ಯವನ್ನು ಸದಸ್ಯರಿಗೆ ಊರೇ ತುಂಬಬೇಕು.

ವಿದ್ಯಾರ್ಥಿ ಮಿತ್ರರಲ್ಲಿ ಒಂದು ಮಾತು. ಪದವಿ ಮುಗಿದು ಮೂರು ವರ್ಷ ಕಳೆದವರು ಪದವೀಧರರ ಕ್ಷೇತ್ರದ ಮತದಾರರಾಗಬಹುದು. ಆದರೆ ಈ ಪಟ್ಟಿಯನ್ನು ಪ್ರತಿ ಚುನಾವಣೆಗೂ ಹೊಸದಾಗಿ ಸಿದ್ಧಪಡಿಸುತ್ತಾರೆ. ಅರ್ಜಿ ಕೊಡದವರ ಹೆಸರು ಅದರಲ್ಲಿರುವುದಿಲ್ಲ. ಅರ್ಜಿ ತುಂಬುವ ಆ ಅರ್ಧ ಗಂಟೆಯನ್ನು ಪದವಿಯಿಲ್ಲದ ನಿಮ್ಮ ತಂದೆತಾಯಿಗಳ ಹೆಸರಿನಲ್ಲಿ ಮೀಸಲಿಡಿ. ನಿಮ್ಮ ಮತದಲ್ಲಿ ಅವರ ಹೊಲದ ಮಾತೂ ಇರಲಿ.

ಹುಮನಾಬಾದಿನ ಆ ಹಿರಿಯರನ್ನು ಮತ್ತೆ ಕಂಡಾಗ ನಾನು ಹೇಳಬೇಕೆಂದಿರುವುದು ಇಷ್ಟೇ: ಯಜಮಾನರೇ, ಅಲ್ಲಿ ಏನು ನಡೆಯುತ್ತದೆಂದು ಅವರು ತಾವಾಗಿ ಬಂದು ಹೇಳುವುದಿಲ್ಲ. ಮುಂದಿನ ಸಲ ಮತ ಕೇಳಲು ಬಂದಾಗ ನಿಮ್ಮ ಊರಿನವರೂ ನಮ್ಮ ಊರಿನವರೂ ಒಂದೇ ಪ್ರಶ್ನೆ ಕೇಳೋಣ. ಅಗತ್ಯಕ್ಕೆ ಮೀರಿದ್ದನ್ನು ಹಿಂದಕ್ಕೆ ಕಳುಹಿಸಿದ ಒಂದು ದಿನವಾದರೂ ನಿಮ್ಮ ಲೆಕ್ಕದಲ್ಲಿದೆಯೇ?