ಫೋಟೊ ರೋಲ್ ಮರಳಿ ಬಂತು. ನಮ್ಮ ಊರಿನ ಗಿರಾಕಿ ಲೆಕ್ಕಕ್ಕೆ ಬರಲಿಲ್ಲ

ಮುಗಿದೇ ಹೋಯಿತು ಎಂದುಕೊಂಡಿದ್ದ ಫೋಟೊ ರೋಲಿಗೆ ಮತ್ತೆ ಜೀವ ಬಂದಿದೆ. 2012ರಲ್ಲಿ ದಿವಾಳಿ ಅರ್ಜಿ ಹಾಕಿದ್ದ ಅಮೆರಿಕದ ಕೊಡಕ್ ಕಂಪೆನಿ, ಬೇಡಿಕೆ ತಾಳಲಾರದೆ 2024ರ ನವೆಂಬರ್‌ನಲ್ಲಿ ರೋಚೆಸ್ಟರ್‌ನ ಫಿಲ್ಮ್ ಕಾರ್ಖಾನೆಯನ್ನು ಕೆಲಕಾಲ ನಿಲ್ಲಿಸಿ ಯಂತ್ರಗಳನ್ನು ಸುಧಾರಿಸಿತು. 2025ರಲ್ಲಿ ಕೊಡಾಕಲರ್ ಎಂಬ ರೋಲನ್ನು ತಾನೇ ನೇರವಾಗಿ ವಿತರಕರಿಗೆ ಕೊಡತೊಡಗಿತು.

ಆದರೆ ನಮ್ಮ ಕಡೆಯ ಸ್ಟುಡಿಯೋದಲ್ಲಿ ಒಂದು ರೋಲ್ ಕೇಳಿ ನೋಡಿ. "ಅದೆಲ್ಲ ಈಗ ಎಲ್ಲಿ ಬರುತ್ತದೆ ಮಾರಾಯ್ರೆ" ಎಂಬ ಉತ್ತರವೇ ಹೆಚ್ಚು. ಬರುವುದೆಲ್ಲ ಆಮದು ಮಾಲು. ಸುಂಕ, ಸಾಗಾಟ ಸೇರಿ ದುಬಾರಿ. ಹಿಂದೆ ಕೊಲ್ಲಿಯಿಂದ ಬರುವವರು ಪೆಟ್ಟಿಗೆಯಲ್ಲಿ ರೋಲ್ ತರುತ್ತಿದ್ದರು. ಇಂದು ಆಸೆಪಡುವ ಹುಡುಗರಿಗೂ ಹೆಚ್ಚುಕಡಿಮೆ ಅದೇ ದಾರಿ. ಇಲ್ಲಿ ಬೇಡಿಕೆ ಇಲ್ಲ ಎಂಬುದು ಪೂರೈಕೆದಾರರ ವಾದ. ಮಾಲೇ ಇಡದ ಕಡೆ ಬೇಡಿಕೆ ಕಾಣುವುದಾದರೂ ಹೇಗೆ?

ಈ ಕಂಪೆನಿಗಳಿಗೆ ಇದು ಹೊಸ ಚಾಳಿಯಲ್ಲ. ಕಲರ್ ಪ್ರಿಂಟಿನ ಬಣ್ಣ ಹೊಂದಿಸಲು ಕೊಡಕ್ ದಶಕಗಳ ಕಾಲ ಲ್ಯಾಬ್‌ಗಳಿಗೆ ಕೊಡುತ್ತಿದ್ದುದು ಬಿಳಿ ಹೆಂಗಸಿನ ಚಿತ್ರವಿದ್ದ 'ಶರ್ಲಿ ಕಾರ್ಡ್'. ಕಪ್ಪು ಮೈಬಣ್ಣದವರ ಮುಖ ಫೋಟೊದಲ್ಲಿ ಮಸಿಯಂತೆ ಮುಳುಗುತ್ತಿತ್ತು. ಶಾಲೆಯ ಗ್ರೂಪ್ ಫೋಟೊದಲ್ಲಿ ತಮ್ಮ ಮಕ್ಕಳ ಮುಖವೇ ಕಾಣುವುದಿಲ್ಲ ಎಂದು ಅಮೆರಿಕದ ಕಪ್ಪು ತಾಯಂದಿರು ದೂರಿದರೂ ಸುಧಾರಣೆಗೆ ವೇಗ ಬಂದದ್ದು ಚಾಕೊಲೇಟ್ ಮತ್ತು ಮರದ ಪೀಠೋಪಕರಣದ ಕಂಪೆನಿಗಳು ದೂರು ಕೊಟ್ಟ ಮೇಲೆ. ತಾಯಿಯ ಮಾತಿಗಿಂತ ದೊಡ್ಡ ಗಿರಾಕಿಯ ಮಾತಿಗೆ ತೂಕ ಬಂತು. ನಮ್ಮ ಹಳೆಯ ಆಲ್ಬಮ್‌ಗಳನ್ನೂ ಇದೇ ಕಣ್ಣಿನಿಂದ ಒಮ್ಮೆ ನೋಡಬಹುದು.

ಹೊರಗಿನವರನ್ನೇ ದೂರಿದರೆ ಸಾಲದು. ಊಟಿಯಲ್ಲಿ ನಮ್ಮದೇ ಹಿಂದೂಸ್ತಾನ್ ಫೋಟೊ ಫಿಲ್ಮ್ಸ್ ಇತ್ತು. 1960ರಲ್ಲಿ ಕೇಂದ್ರ ಸರಕಾರ ಸ್ಥಾಪಿಸಿದ ಈ ಕಂಪೆನಿ 1967ರಲ್ಲಿ ಉತ್ಪಾದನೆ ಆರಂಭಿಸಿತು. ಅದರ 'ಇಂದು' ಕಪ್ಪು-ಬಿಳುಪು ರೋಲ್ ದೇಶವಿಡೀ ಪರಿಚಿತ. ಜನ ಕಲರ್ ಕಡೆ ಹೊರಳಿದಾಗ ಕಂಪೆನಿ ಸಾಲ ಮಾಡಿ ಎಕ್ಸ್‌ರೇ ಫಿಲ್ಮಿನ ದೊಡ್ಡ ಯೋಜನೆಗೆ ಕೈಹಾಕಿತು. 1990ರ ದಶಕದಲ್ಲಿ ಆಮದಿನ ಬಾಗಿಲು ತೆರೆದಾಗ ಸ್ಪರ್ಧೆಯಲ್ಲಿ ನಿಲ್ಲಲಾಗದೆ ರೋಗಗ್ರಸ್ತವಾಯಿತು. 2014ರಲ್ಲಿ ಕಾರ್ಮಿಕರ ಸ್ವಯಂನಿವೃತ್ತಿಗೆ ಸಂಪುಟ ಒಪ್ಪಿಗೆ ಕೊಟ್ಟಿತು. ನೂರಾರು ಮನೆಗಳ ಅನ್ನದ ಪ್ರಶ್ನೆ ಅದು.

ಬೇರೆ ದಾರಿಯೂ ಇತ್ತು. ಇಂಗ್ಲೆಂಡಿನ ಇಲ್ಫೋರ್ಡ್ 2004ರಲ್ಲಿ ಕುಸಿದಾಗ ಅದರ ವ್ಯವಸ್ಥಾಪಕರೇ ಸೇರಿ ಹಾರ್ಮನ್ ಕಂಪೆನಿ ಕಟ್ಟಿದರು. ಉಳಿದಿದ್ದ ಸಣ್ಣ ಗಿರಾಕಿಗಳನ್ನೇ ನಂಬಿ ಕಪ್ಪು-ಬಿಳುಪು ಫಿಲ್ಮ್ ಮುಂದುವರಿಸಿ, 2023ರಲ್ಲಿ ತಮ್ಮದೇ ಕಲರ್ ಫಿಲ್ಮನ್ನೂ ತಂದರು.

ಇದರಲ್ಲಿ ನಮಗೂ ಪಾಠ ಉಂಟು. ನಮ್ಮವರಲ್ಲಿ ಅಂಗಡಿ ನಡೆಸುವವರು ಬಹಳ. ಗಿರಾಕಿ ಕೇಳಿ ಬರಿಗೈಯಲ್ಲಿ ಹೋದ ವಸ್ತುವಿನ ಹೆಸರನ್ನು ಬರೆದಿಡುವವರು ಎಷ್ಟು ಮಂದಿ? ಮಾರಿದ್ದರ ಲೆಕ್ಕ ಎಲ್ಲರಲ್ಲೂ ಇದೆ, ಮಾರದೆ ಹೋದದ್ದರ ಲೆಕ್ಕ ಯಾರಲ್ಲೂ ಇಲ್ಲ. ಫಿಲ್ಮ್ ಬೇಕೆನ್ನುವ ಯುವಕರೂ ಒಬ್ಬೊಬ್ಬರೇ ಹುಡುಕುವ ಬದಲು ಹತ್ತು ಮಂದಿ ಸೇರಿ ಒಂದು ಸ್ಟುಡಿಯೋಗೆ ಒಟ್ಟಿಗೆ ಬೇಡಿಕೆ ಕೊಡಲಿ. ಒಂಟಿ ದನಿ ಕೇಳದ ಪೂರೈಕೆದಾರನಿಗೆ ಹತ್ತು ರೋಲಿನ ಆರ್ಡರ್ ಕೇಳೀತು.