ಮಾಂಸ ವಾರಕ್ಕೊಮ್ಮೆ ಸಾಕು, ಪ್ರೊಟೀನ್ ದಿನಾ ಬೇಕು

‘ರಾತ್ರಿ ಊಟಕ್ಕೆ ಏನು ಮಾಡೋದು?’ ಯಾವ ದೇಶಕ್ಕೆ ಹೋದರೂ ಗೃಹಿಣಿಗೆ ಈ ಪ್ರಶ್ನೆ ತಪ್ಪಿದ್ದಲ್ಲ. ಧರ್ಮದ ಆಹಾರ ನಿಯಮ ಪಾಲಿಸುವ ಯಹೂದಿ ಮನೆಗಳಲ್ಲಿ ಈ ಪ್ರಶ್ನೆಯ ಬೆನ್ನಿಗೇ ಇನ್ನೆರಡು ಪ್ರಶ್ನೆಗಳು ಬರುತ್ತವೆ. ಇವತ್ತಿನದು ಮಾಂಸದ ಊಟವೋ, ಹಾಲಿನ ಊಟವೋ? ಕೈಯಲ್ಲಿರುವ ದುಡ್ಡಿಗೆ ಅದು ಸಾಧ್ಯವೋ?

ಯಹೂದಿಗಳ ಊಟದ ಚಿಂತೆ ನಮಗೇಕೆ ಅಂತೀರಾ? ಮಂಗಳೂರು, ಉಡುಪಿ ಕಡೆಯ ಎಷ್ಟೋ ಮಂದಿ ಇಸ್ರೇಲ್‌ನಲ್ಲಿ ವಯಸ್ಸಾದವರನ್ನು ನೋಡಿಕೊಳ್ಳುವ ಕೆಲಸದಲ್ಲಿದ್ದಾರೆ. ಅಲ್ಲಿನ ಒಲೆ, ಪಾತ್ರೆ, ಸಂತೆ ಚೀಲ ಎಲ್ಲವೂ ಅವರ ಕೈಯಲ್ಲೇ. ನಿಮ್ಮ ತಂಗಿಯೋ ನಾದಿನಿಯೋ ಅವರಲ್ಲಿ ಒಬ್ಬರಾಗಿರಬಹುದು. ಅಲ್ಲದೆ, ಕಡಿಮೆ ಖರ್ಚಿನಲ್ಲಿ ಮನೆಮಂದಿಗೆಲ್ಲ ಪುಷ್ಟಿಯ ಊಟ ಹಾಕುವ ಉಪಾಯ ಯಾವ ಜಾತಿ, ಧರ್ಮಕ್ಕೆ ಬೇಡ ಹೇಳಿ?

ನನ್ನ ಅಭಿಪ್ರಾಯ ಇಷ್ಟೇ: ಯಹೂದಿ ಮನೆಯ ಊಟ ದುಬಾರಿಯಾಗುವುದು ನಿಯಮದಿಂದಲ್ಲ. ‘ಮಾಂಸ ಇಲ್ಲದಿದ್ದರೆ ಅದು ಊಟವೇ ಅಲ್ಲ’ ಅನ್ನುವ ರೂಢಿಯಿಂದ. ನಿಯಮವನ್ನು ಸರಿಯಾಗಿ ಬಳಸಿಕೊಂಡರೆ ಅದೇ ನಿಮ್ಮ ಬಜೆಟ್ ಕಾಯುತ್ತದೆ.

ಮಾಂಸ, ಹಾಲು ಮತ್ತು ಎರಡೂ ಅಲ್ಲದ್ದು

ಕೋಷರ್ ಅಂದರೆ ಧರ್ಮಕ್ಕೆ ಒಪ್ಪುವ ಆಹಾರ. ಮೆಲುಕು ಹಾಕುವ, ಗೊರಸು ಸೀಳಿದ ಪ್ರಾಣಿ ಆಗುತ್ತದೆ, ಹಂದಿ ಆಗುವುದಿಲ್ಲ. ರೆಕ್ಕೆ, ಹುರುಪೆ ಎರಡೂ ಇರುವ ಮೀನು ಆಗುತ್ತದೆ. ಸೀಗಡಿ, ಏಡಿ ಆಗುವುದಿಲ್ಲ. ಮಾಂಸ ಮತ್ತು ಹಾಲನ್ನು ಒಟ್ಟಿಗೆ ಬೇಯಿಸುವಂತಿಲ್ಲ, ಒಂದೇ ಊಟದಲ್ಲಿ ತಿನ್ನುವಂತಿಲ್ಲ. ಎರಡಕ್ಕೂ ಬೇರೆ ಬೇರೆ ಪಾತ್ರೆ, ತಟ್ಟೆ, ಚಮಚ. ಮಾಂಸ ತಿಂದ ಮೇಲೆ ಹಾಲು, ಮೊಸರು ಮುಟ್ಟಲು ಕಾಯಬೇಕು. ಕೆಲವರ ಪದ್ಧತಿಯಲ್ಲಿ ಆರು ಗಂಟೆ, ಇನ್ನು ಕೆಲವರಲ್ಲಿ ಮೂರು, ಡಚ್ ಯಹೂದಿಗಳಲ್ಲಿ ಒಂದೇ ಗಂಟೆ.

ಮೂರನೆಯ ಗುಂಪೊಂದಿದೆ, ಅದರ ಹೆಸರು ‘ಪಾರ್ವೆ’. ಮಾಂಸವೂ ಅಲ್ಲ, ಹಾಲೂ ಅಲ್ಲ. ಮೊಟ್ಟೆ, ಮೀನು, ಬೇಳೆಕಾಳು, ಧಾನ್ಯ, ತರಕಾರಿ, ಎಳ್ಳು, ಕಡಲೆಬೀಜ ಎಲ್ಲವೂ ಇದರಲ್ಲೇ ಬರುತ್ತವೆ. ಗಮನಿಸಿದಿರಾ? ಅಗ್ಗದ ಪ್ರೊಟೀನ್‌ಗಳಲ್ಲಿ ಹೆಚ್ಚಿನವು ಇಲ್ಲೇ ಇವೆ!

ಕೋಷರ್ ಮಾಂಸಕ್ಕೆ ಯಾಕಷ್ಟು ಬೆಲೆ?

ಅಂಗಡಿಯವನು ಸುಮ್ಮನೆ ದುಡ್ಡು ಕೀಳುತ್ತಾನೆ ಅಂತ ಬೈಯುವ ಮೊದಲು ಕಾರಣ ತಿಳಿದುಕೊಳ್ಳಿ. ತರಬೇತಿ ಪಡೆದ ‘ಶೋಹೆಟ್’ ಮಾತ್ರ ಪ್ರಾಣಿಯನ್ನು ಕೊಯ್ಯಬೇಕು. ಆಮೇಲೆ ದನ, ಕುರಿಯ ಶ್ವಾಸಕೋಶ ಪರೀಕ್ಷೆ ಆಗಬೇಕು. ದೋಷ ಕಂಡರೆ ಅದು ಕೋಷರ್ ಲೆಕ್ಕಕ್ಕಿಲ್ಲ. ರಕ್ತ ಹೋಗಲೆಂದು ಮಾಂಸವನ್ನು ಅರ್ಧ ಗಂಟೆ ನೀರಿನಲ್ಲಿ ನೆನೆಸಿ, ಒಂದು ಗಂಟೆ ಉಪ್ಪು ಹಚ್ಚಿಟ್ಟು ತೊಳೆಯಬೇಕು. ಪ್ರಾಣಿಯ ಹಿಂಭಾಗದಲ್ಲಿ ನಿಷಿದ್ಧ ನರ, ಕೊಬ್ಬು ಇರುತ್ತವೆ. ಅದನ್ನು ಬಿಡಿಸುವುದು ಬಹಳ ನಾಜೂಕಿನ ಕೆಲಸ. ಹಾಗಾಗಿ ಇಸ್ರೇಲ್‌ನ ಹೊರಗೆ ಬಹುತೇಕ ಕಡೆ ಆ ಭಾಗವನ್ನು ಕೋಷರ್ ಎಂದು ಮಾರುವುದೇ ಇಲ್ಲ. ಇವೆಲ್ಲದರ ಮೇಲೆ ಉಸ್ತುವಾರಿಯವರ ಸಂಬಳ. ಬೆಲೆ ಏರದೆ ಇನ್ನೇನಾದೀತು?

ಬೇಳೆಗೆ ಇದ್ಯಾವ ಖರ್ಚೂ ಇಲ್ಲ. ಏನೂ ಬೆರೆಸದ ಒಣ ಕಾಳಿಗೆ ಸಾಮಾನ್ಯವಾಗಿ ಕೋಷರ್ ಮುದ್ರೆ ಕೂಡ ಬೇಕಿಲ್ಲ. ಹುಳ ತಿನ್ನುವುದು ನಿಷಿದ್ಧವಾದ್ದರಿಂದ ಚೆನ್ನಾಗಿ ಆರಿಸಿಕೊಳ್ಳಬೇಕು, ಅಷ್ಟೇ. ಮೊರ ಹಿಡಿದು ಬೆಳೆದ ನಮ್ಮ ಹೆಣ್ಣುಮಕ್ಕಳಿಗೆ ಅದನ್ನು ಹೇಳಿಕೊಡಬೇಕೆ? ಮೊಟ್ಟೆಗೂ ಮುದ್ರೆ ಬೇಡ. ಒಂದೊಂದನ್ನೇ ಲೋಟಕ್ಕೆ ಒಡೆದು, ರಕ್ತದ ಚುಕ್ಕೆ ಇಲ್ಲವೆಂದು ನೋಡಿ ಬಳಸಿದರಾಯಿತು. ಡಬ್ಬಿಯ ಮೀನಿಗೆ ಮಾತ್ರ ಮುದ್ರೆ ನೋಡಿಯೇ ಕೊಳ್ಳಿ.

ಲೆಕ್ಕ ಹಾಕಿ ನೋಡಿ

ಆರೋಗ್ಯವಂತ ವಯಸ್ಕರಿಗೆ ದಿನಕ್ಕೆ ದೇಹತೂಕದ ಕಿಲೋಗೆ ಸುಮಾರು 0.8 ಗ್ರಾಂ ಪ್ರೊಟೀನ್ ಬೇಕು. ಅಂದರೆ 60 ಕಿಲೋ ತೂಗುವವರಿಗೆ 50 ಗ್ರಾಂ ಹತ್ತಿರ. ರಾತ್ರಿ ಊಟದಲ್ಲಿ ದೊಡ್ಡವರಿಗೆ 18ರಿಂದ 20 ಗ್ರಾಂ, ಶಾಲೆಗೆ ಹೋಗುವ ಮಕ್ಕಳಿಗೆ 10ರಿಂದ 12 ಗ್ರಾಂ ಸಿಕ್ಕರೆ ಚಿಂತೆಯಿಲ್ಲ. ಗಂಡ, ಹೆಂಡತಿ, ಇಬ್ಬರು ಮಕ್ಕಳ ಮನೆಗೆ ಒಟ್ಟು 60 ಗ್ರಾಂ ಅಂತಿಟ್ಟುಕೊಳ್ಳಿ.

ಒಂದು ಮೊಟ್ಟೆಯಲ್ಲಿ 6 ಗ್ರಾಂ ಇರುತ್ತದೆ. 100 ಗ್ರಾಂ ಒಣ ಮಸೂರ ಬೇಳೆಯಲ್ಲಿ ಸುಮಾರು 24 ಗ್ರಾಂ, ಅಷ್ಟೇ ಒಣ ಕಾಬೂಲಿ ಕಡಲೆಯಲ್ಲಿ 20 ಗ್ರಾಂ ಹತ್ತಿರ. ನೀರು ಬಸಿದ 100 ಗ್ರಾಂ ಟ್ಯೂನಾ ಮೀನಿನಲ್ಲಿ 24, ಅಷ್ಟೇ ಕಾಟೇಜ್ ಚೀಸ್‌ನಲ್ಲಿ 11. ಬೇಯಿಸಿದ ಕೋಳಿ ಮಾಂಸದಲ್ಲಿ ಮೂಳೆ ಬಿಟ್ಟು 100 ಗ್ರಾಂಗೆ 25ರಿಂದ 30. ಕೋಳಿ ಮುಂದಿದೆ, ನಿಜ. ಆದರೆ ಆರು ಮೊಟ್ಟೆ, ಎಂಟು ತುಂಡು ಬ್ರೆಡ್ ಸೇರಿದರೂ 60 ಗ್ರಾಂ ಆಯಿತಲ್ಲ!

ಮೂಳೆ ಬೇಯಿಸಿದ ಸೂಪಿನಲ್ಲಿ ರುಚಿ ಇದೆ, ಪ್ರೊಟೀನ್ ಅಷ್ಟಿಲ್ಲ. ಬ್ರೆಡ್ಡಿಗೆ ತೆಳ್ಳಗೆ ಸವರಿದ ಹುಮ್ಮುಸ್‌ನಲ್ಲೂ ಎರಡು ಮೂರು ಗ್ರಾಂಗಿಂತ ಹೆಚ್ಚು ಸಿಗದು. ‘ಸೂಪು ಕುಡಿದ್ವಿ, ಹುಮ್ಮುಸ್ ತಿಂದ್ವಿ, ಪುಷ್ಟಿ ಬಂತು’ ಅಂದುಕೊಳ್ಳಬೇಡಿ. ಸೂಪಿಗೆ ಎರಡು ಹಿಡಿ ಕಡಲೆಯನ್ನೋ ಬೇಳೆಯನ್ನೋ ಹಾಕಿ, ಆಗ ಅದು ಊಟ.

ವಾರದ ಪಟ್ಟಿ ಹೀಗಿರಲಿ

ಪಟ್ಟಿ ಬರೆಯುವಾಗ ಪ್ರತಿ ದಿನದ ಮುಂದೆ ‘ಮಾಂಸ’, ‘ಹಾಲು’, ‘ಪಾರ್ವೆ’ ಅಂತ ಒಂದು ಮಾತು ಬರೆದಿಡಿ. ಅರ್ಧ ಗೊಂದಲ ಅಲ್ಲೇ ಮುಗಿಯುತ್ತದೆ.

ಶುಕ್ರವಾರ (ಮಾಂಸ): ಸೂರ್ಯ ಮುಳುಗುತ್ತಲೇ ಶಬ್ಬತ್ ಶುರು. ಅಂದು ಒಳ್ಳೆಯ ಊಟ ಇರಲೇಬೇಕು, ಅದರಲ್ಲಿ ಜಿಪುಣತನ ಬೇಡ. ಒಂದೂವರೆ ಕಿಲೋದ ಇಡೀ ಕೋಳಿ ತನ್ನಿ. ಬಿಡಿ ತುಂಡುಗಳಿಗಿಂತ ಇಡೀ ಕೋಳಿ ಸಾಮಾನ್ಯವಾಗಿ ಅಗ್ಗ. ನಾಲ್ಕು ಜನಕ್ಕೆ ಅರ್ಧ ಸಾಕು, ಉಳಿದರ್ಧ ತೆಗೆದಿಡಿ.

ಶನಿವಾರ ಮಧ್ಯಾಹ್ನ (ಮಾಂಸ): ಶಬ್ಬತ್ ದಿನ ಬೆಂಕಿ ಹೊತ್ತಿಸುವಂತಿಲ್ಲ. ಅದಕ್ಕೇ ಶುಕ್ರವಾರ ಸಂಜೆಯೇ ಸಣ್ಣ ಉರಿಯಲ್ಲಿಟ್ಟು ರಾತ್ರಿಯಿಡೀ ಬೇಯಿಸುವ ‘ಹಮೀನ್’ ಅಥವಾ ‘ಚೋಲೆಂಟ್’ ಹುಟ್ಟಿಕೊಂಡಿತು. ಹುರುಳಿಕಾಯಿಯ ಒಣ ಬೀಜ, ಬಾರ್ಲಿ, ಆಲೂಗಡ್ಡೆ, ಜೊತೆಗೆ ಒಂದಿಷ್ಟು ಮಾಂಸ. ಕೆಲವರು ಮೊಟ್ಟೆಯನ್ನೂ ಸಿಪ್ಪೆ ಸಮೇತ ಅದರಲ್ಲೇ ಹಾಕುತ್ತಾರೆ. ಕಾಲು ಕಿಲೋ ಮಾಂಸವನ್ನು ಇಡೀ ಮನೆಗೆ ಸಾಲುವಂತೆ ಮಾಡುವ ಜಾಣತನ ಅಜ್ಜಿಯರಿಗೆ ಯಾರು ಕಲಿಸಿದ್ದರು? ಬಡತನ ತಾನೇ!

ಶನಿವಾರ ರಾತ್ರಿ (ಪಾರ್ವೆ): ಮಧ್ಯಾಹ್ನ ಮಾಂಸ ತಿಂದವರಿಗೆ ಹಾಲಿನ ಊಟದ ಗಂಟೆ ಆಗಿರುತ್ತೋ ಇಲ್ಲವೋ. ಮೊಟ್ಟೆ ಪಲ್ಯ, ಬ್ರೆಡ್, ಎಳ್ಳಿನ ತಹಿನಿ ಸಾಕು.

ಭಾನುವಾರ (ಮಾಂಸ): ತೆಗೆದಿಟ್ಟ ಕೋಳಿಗೆ ಒಂದು ಬಟ್ಟಲು ಬೆಂದ ಕಡಲೆ, ತರಕಾರಿ ಸೇರಿಸಿ ಅನ್ನದ ಜೊತೆ ಕೊಡಿ. ಪಕ್ಕದಲ್ಲಿ ಮೊಸರು ಇಡುವಂತಿಲ್ಲ, ನೆನಪಿರಲಿ.

ಸೋಮವಾರ (ಪಾರ್ವೆ): ಅರಬ್ ನಾಡುಗಳಿಂದ ಬಂದ ಯಹೂದಿಗಳ ಮೆಚ್ಚಿನ ‘ಮುಜದ್ದರಾ’. ಅಕ್ಕಿ, ಇಡೀ ಮಸೂರ, ಮೇಲೆ ಕೆಂಪಗೆ ಹುರಿದ ಈರುಳ್ಳಿ. 150 ಗ್ರಾಂ ಮಸೂರ, 200 ಗ್ರಾಂ ಅಕ್ಕಿ ಹಾಕಿದರೆ 50 ಗ್ರಾಂ ಪ್ರೊಟೀನ್ ಬಂತು. ಒಂದೆರಡು ಬೆಂದ ಮೊಟ್ಟೆ ಇಟ್ಟರೆ ಲೆಕ್ಕ ಪೂರ್ತಿ.

ಮಂಗಳವಾರ (ಪಾರ್ವೆ): ‘ಶಕ್ಶೂಕಾ’. ಟೊಮೆಟೊ ಗೊಜ್ಜಿನಲ್ಲಿ ಮೊಟ್ಟೆ ಒಡೆದು ಹಾಕಿ ಬೇಯಿಸುವುದು. ಇಪ್ಪತ್ತು ನಿಮಿಷದ ಕೆಲಸ.

ಬುಧವಾರ (ಪಾರ್ವೆ): ಎರಡು ಸಣ್ಣ ಡಬ್ಬಿ ಟ್ಯೂನಾ, ಬೆಂದ ಆಲೂಗಡ್ಡೆ, ಒಂದು ಮೊಟ್ಟೆ ಕಲಸಿ ವಡೆಯಂತೆ ತಟ್ಟಿ ಕಾಯಿಸಿ. ಬೂತಾಯಿ, ಬಂಗುಡೆ ಸಿಗುವ ಕಡೆ ಅದಕ್ಕಿಂತ ಒಳ್ಳೆಯದು ಬೇರೆ ಬೇಕೆ? ಎರಡೂ ಕೋಷರ್ ಮೀನೇ.

ಗುರುವಾರ (ಹಾಲು): ಇರಾಕಿ ಯಹೂದಿಗಳ ಮನೆಯಲ್ಲಿ ಗುರುವಾರ ರಾತ್ರಿ ‘ಕಿಚ್ರಿ’ ಮಾಡುವ ವಾಡಿಕೆ. ಅಕ್ಕಿ, ಕೆಂಪು ಮಸೂರ ಬೇಳೆ, ಬೆಳ್ಳುಳ್ಳಿ, ಜೀರಿಗೆ, ಮೇಲೆ ಗಟ್ಟಿ ಮೊಸರು. ನಮ್ಮ ಖಿಚಡಿಯ ನೆಂಟಸ್ತನ ಹೆಸರಲ್ಲೇ ಇದೆ ನೋಡಿ! ಮರುದಿನ ಶಬ್ಬತ್ತಿನ ಅಡುಗೆ ಬೆಟ್ಟದಷ್ಟಿರುವಾಗ ಹಿಂದಿನ ರಾತ್ರಿ ಒಂದೇ ಪಾತ್ರೆಯ ಊಟ. ಎಂಥ ಅನುಕೂಲ!

ಮೂರನೆಯ ಕುಕ್ಕರ್ ಕೊಳ್ಳಿ

ಖರ್ಚು ಕಡಿಮೆ ಮಾಡಿ ಅಂತ ಹೇಳಿ ಈಗ ಕುಕ್ಕರ್ ಕೊಳ್ಳಿ ಅಂತೀನಲ್ಲ ಅಂತ ನಗಬೇಡಿ. ಮಾಂಸದ ಪಾತ್ರೆಯಲ್ಲಿ ಬೇಯಿಸಿದ ಬೇಳೆಯ ಜೊತೆ ಮೊಸರು ತಿನ್ನುವಂತಿಲ್ಲ ಎನ್ನುವುದು ನಿಯಮನಿಷ್ಠರ ಪದ್ಧತಿ. ಪಾರ್ವೆಗೆಂದೇ ಒಂದು ಕುಕ್ಕರ್ ಇದ್ದರೆ ಭಾನುವಾರ ಒಂದು ಕಿಲೋ ಕಾಳು ಬೇಯಿಸಿ, ಪಾಲು ಮಾಡಿ ಫ್ರೀಜರ್‌ನಲ್ಲಿಡಬಹುದು. ಬೇಕಾದಾಗ ಮಾಂಸದ ಊಟಕ್ಕೂ ಸೇರುತ್ತೆ, ಮೊಸರಿನ ಊಟಕ್ಕೂ ಸೇರುತ್ತೆ. ಮಧ್ಯಾಹ್ನ ಶಾಲೆಯಲ್ಲಿ ಕೋಳಿ ತಿಂದು ಬಂದ ಮಗುವಿಗೂ ಗಡಿಯಾರ ನೋಡದೆ ಬಡಿಸಬಹುದು.

ಇಸ್ರೇಲ್‌ನಲ್ಲಿ ಮೊದಲಿನಿಂದಲೂ ಅನೇಕ ಮನೆಗಳಲ್ಲಿ ಮಧ್ಯಾಹ್ನದ್ದೇ ದೊಡ್ಡ ಊಟ. ರಾತ್ರಿಗೆ ಮೊಟ್ಟೆ, ಹಸಿ ತರಕಾರಿ, ಬ್ರೆಡ್, ಕಾಟೇಜ್ ಚೀಸ್. ಅಲ್ಲಿ ಈ ಚೀಸ್ ಎಷ್ಟು ಮುಖ್ಯವೆಂದರೆ, 2011ರ ಜೂನ್‌ನಲ್ಲಿ ಬೆಲೆ ಏರಿತೆಂದು ಗ್ರಾಹಕರು ಅದನ್ನು ಕೊಳ್ಳುವುದನ್ನೇ ನಿಲ್ಲಿಸಿದರು. ಕಂಪನಿಗಳು ಬೆಲೆ ಇಳಿಸಬೇಕಾಯಿತು. ಮಾಂಸವಿಲ್ಲದ ರಾತ್ರಿ ಊಟ ನಾಚಿಕೆಯ ಮಾತಲ್ಲ ಎನ್ನಲು ಇದಕ್ಕಿಂತ ಸಾಕ್ಷಿ ಬೇಕೆ?

ನಮ್ಮ ಪಕ್ಕದಲ್ಲೇ ಇನ್ನೊಂದು ಸಾಕ್ಷಿ ಇದೆ. ಕೊಂಕಣ ಕರಾವಳಿಯ ಬೆನೆ ಇಸ್ರೇಲ್ ಯಹೂದಿಗಳು ಶತಮಾನಗಳಿಂದ ಮೀನು, ಅಕ್ಕಿ, ತೆಂಗಿನಕಾಯಿಯಲ್ಲೇ ನಿಯಮ ಪಾಲಿಸಿದರು. ಮಾಂಸದ ಸಾರಿಗೆ ಮೊಸರು ಹಾಕುವಂತಿಲ್ಲ ಅಂತ ತೆಂಗಿನ ಹಾಲು ಹಾಕಿದರು. ಅವರ ಒಂದು ಉಪವಾಸಕ್ಕೆ ‘ಬಿರಡ್ಯಾಚಾ ರೋಜಾ’ ಅಂತಲೇ ಹೆಸರು. ಬಿರಡೆ ಅಂದರೆ ಮೊಳಕೆ ಬರಿಸಿ, ಸಿಪ್ಪೆ ಸುಲಿದ ವಾಲ್ ಕಾಳಿನ ಸಾರು. ವಾಲ್ ನಮ್ಮ ಅವರೆಯ ಜಾತಿಯದೇ. ಹಿತಕಿದ ಅವರೆಯ ಸಾರು ಉಂಡವರಿಗೆ ಅದರ ಗತ್ತು ಗೊತ್ತು!

ಪೆಸಾಹ್ ಹಬ್ಬದ ವಾರ ಮಾತ್ರ ಸ್ವಲ್ಪ ಕಷ್ಟ. ಹುಳಿ ಬಂದ ಧಾನ್ಯದ ತಿನಿಸು ಯಾರಿಗೂ ಇಲ್ಲ. ಯುರೋಪಿನ ಮೂಲದ ಅಶ್ಕೆನಾಜಿಗಳು ಅಕ್ಕಿ, ಬೇಳೆಯನ್ನೂ ಬಿಡುವುದು ರೂಢಿ. ಸೆಫಾರ್ದಿಗಳಲ್ಲಿ ಹೆಚ್ಚಿನವರು ತಿನ್ನುತ್ತಾರೆ. ಅಮೆರಿಕದ ಕನ್ಸರ್ವೇಟಿವ್ ಪಂಥದ ಧರ್ಮಗುರುಗಳ ಸಮಿತಿ 2015ರಲ್ಲಿ ತಮ್ಮವರಿಗೆ ಇದಕ್ಕೆ ಒಪ್ಪಿಗೆ ಕೊಟ್ಟಿತು. ನಿಮ್ಮ ಮನೆಯ ಪದ್ಧತಿ ಯಾವುದೋ ಕೇಳಿಕೊಂಡು, ಆ ವಾರಕ್ಕೆ ಮೊಟ್ಟೆ, ಮೀನು, ಆಲೂಗಡ್ಡೆಗೆ ಮೊದಲೇ ದುಡ್ಡು ಎತ್ತಿಡಿ.

ಕೊನೆಯ ತಟ್ಟೆ ಯಾರದು?

ಈಗ ಹೇಳಲೇಬೇಕಾದ ಮಾತು. ದುಬಾರಿ ಮಾಂಸದ ಮನೆಯಲ್ಲಿ ಮೊದಲು ಖಾಲಿಯಾಗುವುದು ಅಮ್ಮನ ತಟ್ಟೆ. ಗಂಡನಿಗೆ ಕಾಲು, ಮಕ್ಕಳಿಗೆ ಎದೆ, ಅವಳಿಗೆ ಗ್ರೇವಿ ಮತ್ತು ಬ್ರೆಡ್. ‘ನನಗೆ ಅಷ್ಟು ಇಷ್ಟ ಇಲ್ಲ’ ಅಂತ ಅವಳೇ ಹೇಳಿಬಿಡುತ್ತಾಳೆ. ಜೆರುಸಲೇಮ್ ಆಗಲಿ, ಮುಂಬೈ ಆಗಲಿ, ನಮ್ಮ ಮೈಸೂರೇ ಆಗಲಿ, ಈ ಸುಳ್ಳು ಎಲ್ಲ ಕಡೆ ಒಂದೇ. ಬಸುರಿ, ಬಾಣಂತಿಗೆ ಬೇರೆಯವರಿಗಿಂತ ಹೆಚ್ಚು ಪ್ರೊಟೀನ್ ಬೇಕು. ವಯಸ್ಸಾದವರಿಗೂ ಕಿಲೋಗೆ ಒಂದು ಗ್ರಾಂ ಅಥವಾ ಇನ್ನೂ ತುಸು ಹೆಚ್ಚು ಬೇಕೆನ್ನುವ ತಜ್ಞರಿದ್ದಾರೆ. ಅಜ್ಜಿ ರಾತ್ರಿ ಚಹಾ, ಬ್ರೆಡ್ ಸಾಕು ಅಂದರೆ ಒಪ್ಪಬೇಡಿ, ಮೃದುವಾದ ಮೊಟ್ಟೆಯನ್ನೋ ಮೊಸರು ಕಿಚ್ರಿಯನ್ನೋ ಕೊಡಿ. ಮೂತ್ರಪಿಂಡದ ತೊಂದರೆ ಇದ್ದವರು ಮಾತ್ರ ವೈದ್ಯರನ್ನು ಕೇಳಿಯೇ ಪ್ರಮಾಣ ಗೊತ್ತುಮಾಡಿಕೊಳ್ಳಬೇಕು.

ಕೋಳಿಯನ್ನು ತುಂಡು ಎಣಿಸಿ ಹಂಚಬಹುದು, ಮಸೂರ ಬೇಳೆಯನ್ನು ಹಾಗೆ ಎಣಿಸಲಾಗದು. ಸೌಟು ಹಾಕಿದರೆ ಎಲ್ಲರಿಗೂ ಒಂದೇ ಪಾಲು. ಬೇಳೆಯ ಊಟವನ್ನು ನಾನು ಹೊಗಳುವುದು ಬರೀ ದುಡ್ಡಿನ ಲೆಕ್ಕಕ್ಕಲ್ಲ, ಈ ಕಾರಣಕ್ಕೂ ಹೌದು.

‘ಮನೆಯವರು ಒಪ್ಪಬೇಕಲ್ಲಾ’ ಅಂತೀರಾ? ಒಂದೇ ದಿನ ಎಲ್ಲ ಬದಲಿಸಬೇಡಿ. ಈ ವಾರ ಗುರುವಾರ ಒಂದು ದಿನ ಕಿಚ್ರಿ ಮಾಡಿ. ಮುಂದಿನ ವಾರ ಮಂಗಳವಾರವೂ ಸೇರಲಿ. ಉಳಿದ ದುಡ್ಡಿನಲ್ಲಿ ಶುಕ್ರವಾರದ ಊಟಕ್ಕೆ ಇನ್ನೊಂದು ಒಳ್ಳೆಯ ಪದಾರ್ಥ ತನ್ನಿ. ಶಬ್ಬತ್ತಿನ ಮೇಜು ತುಂಬಿದ್ದನ್ನು ಕಂಡರೆ ಗೊಣಗುವವರೂ ಸುಮ್ಮನಾಗುತ್ತಾರೆ. ಆ ಮೇಜಿಗೆ ಎಲ್ಲರ ಜೊತೆ ನೀವೂ ಕೂತು, ನಿಮ್ಮ ತಟ್ಟೆಗೂ ಸರಿಯಾದ ಪಾಲು ಬಡಿಸಿಕೊಳ್ಳಿ.