ಫಾರ್ಮ್ಯಾಟ್ ಮಾಡೋ ಮುಂಚೆ ಒಂದ್ನಿಮಿಷ ನಿಲ್ಲಿ ಸ್ವಾಮಿ!

ಬನಶಂಕರಿ ಎರಡನೇ ಹಂತದ ನಮ್ಮ ಮನೆಯಿಂದ ಜಯನಗರ ನಾಲ್ಕನೇ ಬ್ಲಾಕಿನವರೆಗೆ ನಡ್ಕೊಂಡು ಹೋದ್ರೆ ದಾರೀಲಿ ಕಂಪ್ಯೂಟರ್ ರಿಪೇರಿ ಬೋರ್ಡುಗಳು ಬೇಕಾದಷ್ಟು ಸಿಗುತ್ತವೆ. ಹೆಸರು ಬೇರೆ ಬೇರೆ, ಔಷಧಿ ಮಾತ್ರ ಒಂದೇ. ಕಂಪ್ಯೂಟರ್ ನಿಧಾನವೇ? ಫಾರ್ಮ್ಯಾಟ್. ನೀಲಿ ಪರದೆ ಬಂತೇ? ಫಾರ್ಮ್ಯಾಟ್. ತಾನಾಗೇ ರೀಸ್ಟಾರ್ಟ್ ಆಗುತ್ತಾ? "ವೈರಸ್ ಇರ್ಬೇಕು ಸಾರ್, ಫಾರ್ಮ್ಯಾಟ್ ಮಾಡ್ಬಿಡೋಣ, ಸಂಜೆ ಬನ್ನಿ."

ಹಿಂದೆ ಸರ್ಕಾರಿ ಆಸ್ಪತ್ರೇಲಿ ಎಲ್ಲಾ ಕಾಯಿಲೆಗೂ ಒಂದೇ ಬಾಟಲಿಯ ಕೆಂಪು ನೀರು ಕೊಡ್ತಿದ್ರು ಅಂತ ನಮ್ಮಜ್ಜಿ ಹೇಳೋರು. ಆ ನೀರು ಕುಡಿದವರಿಗೆ ಗುಣ ಆಗ್ತಿತ್ತೋ ಇಲ್ವೋ, ನೆನಪಂತೂ ಅಳಿಸಿ ಹೋಗ್ತಿರಲಿಲ್ಲ!

ಈ ಸಿಟ್ಟಿಗೆ ಕಾರಣ ಇದೆ. ಅಪ್ಪ ಮೇಷ್ಟ್ರಾಗಿದ್ದೋರು. ರಿಟೈರ್ ಆದ ಮೇಲೆ ನುಡಿ ತಂತ್ರಾಂಶದಲ್ಲಿ ಒಂದೊಂದೇ ಅಕ್ಷರ ಹುಡುಕಿ ಒತ್ತಿ, ಊರಿನ ಕೆರೆ, ಜಾತ್ರೆ, ತಮ್ಮ ಶಾಲೆ ಬಗ್ಗೆ ನೂರಾರು ಪುಟ ಬರೆದಿದ್ರು. ಎಲ್ಲಾ ಡೆಸ್ಕ್‌ಟಾಪ್ ಮೇಲೇ ಇಟ್ಕೊಂಡಿದ್ರು, ಕಣ್ಣೆದುರಿಗೆ ಇರ್ಲಿ ಅಂತ. ಎರಡು ವರ್ಷದ ಹಿಂದೆ ಆ ಕಂಪ್ಯೂಟರ್ ವಾರಕ್ಕೊಂದು ಸಲ ನೀಲಿ ಪರದೆ ತೋರಿಸಿ ಬೀಳೋಕೆ ಶುರುವಾಯ್ತು. ಅಪ್ಪ ಮೇಷ್ಟ್ರ ಬುದ್ಧಿ ಬಿಡ್ಲಿಲ್ಲ, ಬಿದ್ದ ದಿನವನ್ನೆಲ್ಲ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕದ ಪಕ್ಕ ಗುರುತು ಹಾಕಿಟ್ರು. ಪರದೆ ಮೇಲೆ ಬಂದ ಹೆಸರನ್ನೂ ಬರ್ಕೊಂಡ್ರು: ಕರ್ನಲ್ ಡೇಟಾ ಇನ್‌ಪೇಜ್ ಎರರ್.

ಅಂಗಡಿ ಹುಡುಗ ಆ ಚೀಟಿ ನೋಡ್ಲೇ ಇಲ್ಲ. ಐನೂರು ರೂಪಾಯಿ, ಫಾರ್ಮ್ಯಾಟ್. ಮೂರು ವಾರ ಚೆನ್ನಾಗಿತ್ತು, ಮತ್ತೆ ಅದೇ ಕಥೆ. ಇನ್ನೊಂದು ಫಾರ್ಮ್ಯಾಟ್. ಆ ಎರಡು ಸಲ ಡೆಸ್ಕ್‌ಟಾಪಿನಲ್ಲಿದ್ದದ್ದನ್ನ ಕಾಪಿ ಮಾಡಿ ವಾಪಸ್ ಹಾಕಿಕೊಟ್ಟಿದ್ದ, ಸುಳ್ಳು ಹೇಳಬಾರ್ದು. ಮೂರನೇ ಸಲ ಮಾತ್ರ ಕಂಪ್ಯೂಟರ್ ಖಾಲಿಯಾಗಿ ವಾಪಸ್ ಬಂತು. ಕೇಳಿದ್ರೆ, "ಕಾಪಿ ಮಾಡೋಕೆ ಹೋದ್ರೆ ಹ್ಯಾಂಗ್ ಆಗ್ತಿತ್ತು ಅಂಕಲ್, ಅದಕ್ಕೇ ಫುಲ್ ಫಾರ್ಮ್ಯಾಟ್ ಹೊಡೆದೆ."

ಅಲ್ಲಾ ಸ್ವಾಮಿ, ಕಾಪಿ ಮಾಡುವಾಗ ಹ್ಯಾಂಗ್ ಆಯ್ತು ಅಂದ್ರೆ ಡಿಸ್ಕಿನಿಂದ ಓದೋಕೆ ಆಗ್ತಿಲ್ಲ ಅಂತಲ್ವೇ! ರೋಗಿ ಬಾಯಿಬಿಟ್ಟು ಹೇಳ್ತಿದಾನೆ, ಡಾಕ್ಟ್ರು ಅವನ ಬಾಯಿಗೇ ಬಟ್ಟೆ ತುರುಕಿದ್ರು.

ಹಾಗಾದ್ರೆ ಮೊದಲೆರಡು ಸಲ ಕೆಲವು ವಾರ ಚೆನ್ನಾಗಿ ನಡೆದದ್ದು ಹೇಗೆ? ಮೋಸ ಇರೋದೇ ಇಲ್ಲಿ. ಡಿಸ್ಕಿನಲ್ಲಿ ಮಾಹಿತಿ ಸೆಕ್ಟರ್ ಅನ್ನೋ ಪುಟ್ಟ ಪುಟ್ಟ ಮನೆಗಳಲ್ಲಿ ಕೂತಿರುತ್ತೆ. ಯಾವುದೋ ಮನೆ ಓದೋಕೆ ಬರ್ಲಿಲ್ಲ ಅಂದ್ರೆ ಡಿಸ್ಕು ಅದನ್ನ 'ಪೆಂಡಿಂಗ್' ಅಂತ ಬರ್ಕೊಳ್ಳುತ್ತೆ. ಆ ಜಾಗದ ಮೇಲೆ ಮತ್ತೆ ಬರೆಯೋಕೆ ಹೋದಾಗ, ನಿಜವಾಗ್ಲೂ ಕೆಟ್ಟಿದ್ರೆ, ಮೀಸಲಿಟ್ಟ ಬೇರೆ ಸೆಕ್ಟರಿಗೆ ವರ್ಗ ಮಾಡುತ್ತೆ. ವಿಂಡೋಸ್ ಹೊಸದಾಗಿ ಹಾಕಿದಾಗ ಒಂದಷ್ಟು ಜಾಗದ ಮೇಲೆ ಹೊಸದಾಗಿ ಬರೆದ ಹಾಗಾಯ್ತು. ವಿಸ್ಟಾ ಬಂದ ಮೇಲಂತೂ ಫುಲ್ ಫಾರ್ಮ್ಯಾಟ್ ಅಂದ್ರೆ ಇಡೀ ಡ್ರೈವಿನ ಮೇಲೆ ಸೊನ್ನೆ ಬರೆಯೋದೇ. ಹೀಗೆ ಇವತ್ತಿನ ಹುಣ್ಣು ಮುಚ್ಚಿಹೋಗುತ್ತೆ, ಒಳಗಿನ ರೋಗ ಹಾಗೇ ಬೆಳೆಯುತ್ತೆ. ಹುಡುಗ "ಸರಿ ಹೋಯ್ತಲ್ಲ" ಅಂತಾನೆ, ನಾವೂ ನಂಬ್ತೀವಿ.

ಅಪ್ಪ ಬರ್ಕೊಂಡಿದ್ದ ಆ ಎರರ್ ಹೇಳ್ತಿದ್ದದ್ದೂ ಅದನ್ನೇ. ವಿಂಡೋಸು ಮೆಮೊರಿಯಲ್ಲಿದ್ದ ಕೆಲವನ್ನ ಡಿಸ್ಕಿಗೆ ಇಳಿಸಿಟ್ಟಿರುತ್ತೆ. ಬೇಕಾದಾಗ ವಾಪಸ್ ಓದೋಕೆ ಆಗದಿದ್ರೆ ಹೀಗೆ ಬೀಳುತ್ತೆ. ಕೇಬಲ್ಲೋ ರ‍್ಯಾಮೋ ಕೆಟ್ಟಿದ್ರೂ ಬರಬಹುದು. ಅದಕ್ಕೇ ತಾನೇ ಪರೀಕ್ಷೆ ಮಾಡಿ ಅನ್ನೋದು?

ಆ ಪರೀಕ್ಷೆಗೆ ಐದು ನಿಮಿಷ ಸಾಕು. ಡಿಸ್ಕು ತನ್ನ ಆರೋಗ್ಯದ ಲೆಕ್ಕ ತಾನೇ ಇಟ್ಕೊಂಡಿರುತ್ತೆ, ಅದಕ್ಕೆ ಸ್ಮಾರ್ಟ್ ಅಂತಾರೆ. ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಅನ್ನೋ ಬಿಟ್ಟಿ ತಂತ್ರಾಂಶದಲ್ಲಿ ತೆರೆದು ನೋಡಿ. ದಶಮಾಂಶ ಲೆಕ್ಕದಲ್ಲಿ 5ನೇ ಸಾಲು ವರ್ಗವಾದ ಸೆಕ್ಟರುಗಳದ್ದು, 197 ಪೆಂಡಿಂಗ್ ಇರೋವು, 198 ಓದೋಕೇ ಆಗದವು. ಇವು ಏರ್ತಾ ಇದ್ರೆ ಡಿಸ್ಕಿಗೆ ಕಾಲ ಹತ್ತಿರ ಬಂತು ಅಂತ. 199 ಮಾತ್ರ ಏರ್ತಿದ್ರೆ ಮೊದಲು ಕೇಬಲ್ ಬದಲಾಯಿಸಿ, ಹೊಸ ಡಿಸ್ಕ್ ಮಾರೋಕೆ ಬಂದವರಿಗೆ ಕೈ ಮುಗಿಯಿರಿ :)

ಒಂದು ಲಕ್ಷಕ್ಕೂ ಹೆಚ್ಚು ಡಿಸ್ಕುಗಳನ್ನ ಗಮನಿಸಿ ಗೂಗಲ್‌ನವರು 2007ರಲ್ಲಿ ಒಂದು ಪ್ರಬಂಧ ಪ್ರಕಟಿಸಿದ್ರು. ಮೊದಲ ಸ್ಕ್ಯಾನ್ ಎರರ್ ಕಂಡ ಡಿಸ್ಕು ಮುಂದಿನ 60 ದಿನದಲ್ಲಿ ಕೆಡೋ ಸಾಧ್ಯತೆ, ಅದು ಕಾಣದ ಡಿಸ್ಕಿಗಿಂತ 39 ಪಟ್ಟು ಹೆಚ್ಚು. ಅದರಲ್ಲೇ ಇನ್ನೊಂದು ಮಾತೂ ಇದೆ: ಕೆಟ್ಟ ಡಿಸ್ಕುಗಳಲ್ಲಿ ಶೇಕಡಾ 56ಕ್ಕೂ ಹೆಚ್ಚಿನವು ನಾಲ್ಕು ಮುಖ್ಯ ಸೂಚನೆಗಳಲ್ಲಿ ಒಂದನ್ನೂ ತೋರಿಸಿರಲಿಲ್ಲ. ಅಂದ್ರೆ 'ಗುಡ್' ಅಂತ ಬಂದ್ರೂ ಬ್ಯಾಕಪ್ ಬೇಕೇ ಬೇಕು.

ತಪ್ಪು ಬರೀ ಅಂಗಡಿಯವರದ್ದಾ? ಅಲ್ಲ. "ಐನೂರಾ? ಮುನ್ನೂರು ತಗೋ, ಸಂಜೇನೇ ಬೇಕು" ಅಂತ ಚೌಕಾಸಿ ಮಾಡೋರು ನಾವೇ. ಪರೀಕ್ಷೆ ಮಾಡಿದ್ದಕ್ಕೆ ದುಡ್ಡು ಕೇಳಿದ್ರೆ "ಏನೂ ರಿಪೇರಿ ಮಾಡ್ಲಿಲ್ವಲ್ಲ" ಅಂತೀವಿ. ಅವನೂ ದುಡ್ಡು ಹುಟ್ಟೋ ಕೆಲಸಾನೇ ಮಾಡ್ತಾನೆ. ಆದ್ರೂ ನನ್ನ ವಾದ ಇಷ್ಟೇ: ಪರೀಕ್ಷೆಗೆ ದುಡ್ಡು ಕೊಡೋಣ, ಪರೀಕ್ಷೆ ಮಾಡದ ಫಾರ್ಮ್ಯಾಟಿಗೆ ಒಂದು ಪೈಸೆಯೂ ಬೇಡ.

ಈ ಮಾತು ಈಗ ಹೇಳಲೇಬೇಕು. ವಿಂಡೋಸ್ 10ಕ್ಕೆ ಮಾಮೂಲಿ ಬೆಂಬಲ ನಿಂತದ್ದು 2025ರ ಅಕ್ಟೋಬರ್ 14ಕ್ಕೆ. ಆಮೇಲೆ "ಹೊಸದು ಹಾಕ್ಬಿಡೋಣ ಸಾರ್" ಅನ್ನೋದು ಇನ್ನೂ ಸುಲಭವಾಗಿದೆ. ಜೊತೆಗೆ ಈಗ ಎಲ್ಲಾ ಕಡೆ ಎಸ್‌ಎಸ್‌ಡಿ. ಹಳೇ ಹಾರ್ಡ್ ಡಿಸ್ಕಿನಲ್ಲಿ ಕ್ವಿಕ್ ಫಾರ್ಮ್ಯಾಟ್ ಆಗಿದ್ರೆ, ಅದರ ಮೇಲೆ ಬೇರೇನೂ ಬರೆಯದಿದ್ರೆ, ಫೈಲು ವಾಪಸ್ ತೆಗೆಯೋ ಆಸೆ ಇರ್ತಿತ್ತು. ಎಸ್‌ಎಸ್‌ಡಿಯಲ್ಲಿ ಫಾರ್ಮ್ಯಾಟ್ ಆದಾಗ 'ಈ ಜಾಗ ಇನ್ನು ಬೇಡ' ಅನ್ನೋ ಟ್ರಿಮ್ ಆದೇಶ ಹೋಗುತ್ತೆ, ಆಮೇಲೆ ಸಾಮಾನ್ಯವಾಗಿ ಏನೂ ಸಿಗಲ್ಲ.

ಆದ್ದರಿಂದ ಮೂರು ಮಾತು. ಒಂದು, ಡಿಸ್ಕಿನ ಲೆಕ್ಕ ನನ್ನ ಎದುರಿಗೇ ತೆರೆದು ತೋರಿಸಿ. ಎರಡು, ಫೈಲುಗಳು ಬೇರೆ ಡಿಸ್ಕಿಗೆ ಹೋಗಿ, ಅಲ್ಲಿ ತೆರೆದುಕೊಂಡ ಮೇಲೇ ಮುಂದಿನ ಮಾತು. ಮೂರು, ಕಾಪಿ ಆಗ್ತಿಲ್ಲ ಅಂದ್ರೆ ಅಲ್ಲಿಗೇ ನಿಲ್ಲಿಸಿ ಫೋನ್ ಮಾಡಿ, ಏನೂ ಅಳಿಸಬೇಡಿ.

ಅಪ್ಪ ಅವತ್ತು "ಹೋಗ್ಲಿ ಬಿಡು, ತಲೇಲಿದೆಯಲ್ಲ, ಮತ್ತೆ ಬರೀತೀನಿ" ಅಂದ್ರು. ಹೊಸ ಡಿಸ್ಕ್ ಹಾಕಿಸಿ ಎರಡು ವರ್ಷ ಆಯ್ತು. ಕೆರೆ ಬಗ್ಗೆ ಹನ್ನೊಂದು ಪುಟ ಆಗಿದೆ. ಜಾತ್ರೆ, ಶಾಲೆ ಇನ್ನೂ ಶುರುವಾಗಿಲ್ಲ. ಕೇಳೋಕೆ ನಂಗೆ ಧೈರ್ಯ ಇಲ್ಲ.

ಮುಂದಿನ ಸಲ ಅಂಗಡಿಗೆ ಹೋದಾಗ "ಎಷ್ಟಾಗುತ್ತೆ?" ಅಂತ ಕೇಳೋ ಮುಂಚೆ "ಡಿಸ್ಕ್ ನೋಡಿದ್ರಾ?" ಅಂತ ಕೇಳ್ತೀರಲ್ಲ?